ಸೋದರತ್ತೆಯ ಅರಬ್ಬಿ ಹಾಡು

ಇವತ್ತು ಬಳ್ಳಾರಿಯ ಮನೆಯಲ್ಲಿ ಕೂತು ಮೊಬೈಲಿನಲ್ಲಿ ದೇಶದೇಶಗಳ ಹಾಡಿನ ಪ್ಲೇಲಿಸ್ಟ್ ಹಚ್ಚಿದ್ದೆ. ಈಜಿಪ್ಟಿನ ಹೆಂಗಸೊಬ್ಬಳು ಅರಬ್ಬಿಯಲ್ಲಿ ದನಿ ಎಳೆದು ಹಾಡತೊಡಗಿದ್ದೇ ತಡ, ಸಿರುಗುಪ್ಪದ ನಮ್ಮ ಹಳೆಯ ಅಡುಗೆಮನೆ ಕಣ್ಣಮುಂದೆ ಬಂತು.

ಗಂಡ ತೀರಿಕೊಂಡ ಮೇಲೆ ಸೋದರತ್ತೆ ನಮ್ಮಲ್ಲೇ ಇದ್ದಳು. ಮಧ್ಯಾಹ್ನ ಅಕ್ಕಿ ಆರಿಸುತ್ತ ರೇಡಿಯೊದ ಮುಳ್ಳನ್ನು ಕೂದಲೆಳೆಯಷ್ಟು ಸರಿಸಿ, ಗರಗರ ಸದ್ದಿನ ನಡುವೆ ಅರಬ್ಬಿ ಹಾಡು ಹಿಡಿಯುತ್ತಿದ್ದಳು. ಪಕ್ಕದ ರೈಸ್‌ಮಿಲ್ಲಿನ ತೌಡಿನ ಧೂಳು ಮೆತ್ತಿದ ಆ ಪೆಟ್ಟಿಗೆಗೆ ಕಿವಿ ಹಚ್ಚಿ ತಾನೂ ಗುನುಗುತ್ತಿದ್ದಳು.

"ತಿಳೀಲಾರದ ಹಾಡು ಯಾಕ ಕೇಳ್ತೀ?" ಎಂದು ಒಂದು ದಿನ ಅಪ್ಪ ಗದರಿದ.

"ಈ ಮನ್ಯಾಗ ತಿಳಿಯೋದು ಬರೇ ಬೈಗುಳ ಐತಣ್ಣ," ಎಂದಳು ಅತ್ತೆ.

ಅವತ್ತೇ ಅಪ್ಪ ರೇಡಿಯೊವನ್ನು ಮಿಲ್ಲಿನ ಕಾವಲುಗಾರನಿಗೆ ಕೊಟ್ಟುಬಿಟ್ಟ. "ಗಂಡ ಸತ್ತಾಕಿಗೆ ಹಾಡು ಯಾಕ ಬೇಕು? ಮಂದಿ ಏನಂದಾರು?" ಎಂದ. ಅವ್ವ ತಲೆ ಎತ್ತದೆ ರೊಟ್ಟಿ ಬಡಿಯುತ್ತಲೇ ಇದ್ದಳು. ಅತ್ತೆ ಮತ್ತೆಂದೂ ಗುನುಗಲಿಲ್ಲ. ಮುಂದೆ ನನ್ನ ಮಗಳನ್ನು ತೊಟ್ಟಿಲಲ್ಲಿ ತೂಗುವಾಗಲೂ ಅವಳ ಬಾಯಿಂದ ಒಂದು ಜೋಗುಳ ಬರಲಿಲ್ಲ. ಹಾಗೆಯೇ ತೀರಿಹೋದಳು.

ಇವತ್ತು ಪಕ್ಕದ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತಿದ್ದ ಅಪ್ಪ ತೊಡೆಯ ಮೇಲೆ ತಾಳ ಹಾಕತೊಡಗಿದ. "ಯಾವ ದೇಶದ್ದಲೇ ಇದು? ಭಾಷಿ ತಿಳೀವಲ್ದು, ಆದ್ರ ಛಲೋ ಐತಿ. ಜೋರು ಮಾಡು."

ನಾನು ಹಾಡು ನಿಲ್ಲಿಸಿ ಎದ್ದು ಹೋದೆ.