ನೀರು ತೋರಿಸಬಾರದ ಕೆಂಪು

ನನ್ನ ಹೆಂಡತಿ ತನ್ನ ಅಜ್ಜಿಯ ಜಡೆಬಿಲ್ಲೆಯನ್ನು ದುಬೈಗೆ ತಂದದ್ದು ಪೆಟ್ಟಿಗೆಯಲ್ಲಲ್ಲ, ತಲೆಯಲ್ಲಿ. ವಿಮಾನದ ಹೊಟ್ಟೆಗೆ ಹೋಗುವ ಚೀಲಗಳ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಕೈಚೀಲದ ಮೇಲೂ ಅಷ್ಟಕ್ಕಷ್ಟೇ. ಹಾಗಾಗಿ ಚೂಡಿದಾರಕ್ಕೆ ಮದುಮಗಳ ಜಡೆ ಹೊಂದಿಸಿಕೊಂಡು, ಮಂಗಳೂರಿನ ತಪಾಸಣೆಯ ಬಾಗಿಲಲ್ಲಿ ಕುಂಯ್ ಎನ್ನಿಸಿಕೊಂಡು, ದಾರಿಯುದ್ದಕ್ಕೂ ಸೀಟಿಗೆ ತಲೆ ಒರಗಿಸದೆ ನೆಟ್ಟಗೆ ಕುಳಿತು ಬಂದಳು. ಇಳಿದಾಗ ಅವಳ ಕುತ್ತಿಗೆ ಹಿಡಿದುಕೊಂಡಿತ್ತು. ಬಿಲ್ಲೆ ಕ್ಷೇಮವಾಗಿತ್ತು.

ಅಂಗೈ ತುಂಬುವಷ್ಟು ಅಗಲದ ಬಿಲ್ಲೆ. ನಡುವೆ ದೊಡ್ಡದೊಂದು ಕೆಂಪು ಹರಳು, ಸುತ್ತ ಎಂಟು ಚಿಕ್ಕವು, ಅಂಚಿಗೆ ಅಕ್ಕಿಕಾಳಿನಂಥ ಮುತ್ತುಗಳು. ಆ ಕೆಂಪು ಥಳಥಳಿಸುವ ಜಾತಿಯದಲ್ಲ. ಒಳಗೆಲ್ಲೋ ದೀಪ ಹಚ್ಚಿಟ್ಟು ಬಾಗಿಲು ಮುಂದೆ ಮಾಡಿದ ಹಾಗೆ ಇರುತ್ತಿತ್ತು. ಅಜ್ಜಿ ಅದನ್ನು ಎಂದೂ ತೊಳೆದವರಲ್ಲವಂತೆ. ಹಳೆಯ ಮಲ್ಲು ಬಟ್ಟೆಯ ತುಂಡಿನಿಂದ ಒರೆಸುವುದು, ಡಬ್ಬಿಯಲ್ಲಿಡುವುದು, ಅಷ್ಟೇ. "ಇದಕ್ಕೆ ನೀರು ತೋರಿಸಬಾರದು, ತೋರಿಸಿದ್ರೆ ಬಣ್ಣ ಮುನಿಸಿಕೊಳ್ತದೆ" ಎನ್ನುತ್ತಿದ್ದರಂತೆ. ಇದನ್ನು ನಾನು ಹಿರಿಯರ ಇತರ ಹೇಳಿಕೆಗಳ ಜತೆ, ಅಂದರೆ ಗೌರವದಿಂದ ಮರೆಯಬೇಕಾದವುಗಳ ಸಾಲಿನಲ್ಲಿ ಇಟ್ಟಿದ್ದೆ.

ಹೆಂಡತಿ ಎಂದಾದರೊಮ್ಮೆ ಡಬ್ಬಿ ತೆರೆದು ಸುಮ್ಮನೆ ನೋಡುತ್ತ ಕೂರುತ್ತಿದ್ದಳು. ಒಮ್ಮೆ ಹೇಳಿದಳು: "ಅಜ್ಜಿಯ ಮುಖ ಈಗ ನಂಗೆ ಸರಿ ನೆನಪಾಗುದಿಲ್ಲ ಮಾರಾಯ್ರೇ. ಈ ಕೆಂಪು ನೋಡಿದ್ರೆ ಮಾತ್ರ ಬರ್ತದೆ. ನನ್ನ ಜಡೆ ಹಾಕ್ತಾ ಎಂತದೋ ಗೊಣಗ್ತಾ ಇದ್ದದ್ದು, ಎಲ್ಲ."

ಈಗ ನನ್ನ ಯೋಗ್ಯತೆಯ ಬಗ್ಗೆ ಎರಡು ಮಾತು ಹೇಳಬೇಕು. ವಾರದ ಐದು ದಿನ ನಾನು ಜೆಬೆಲ್ ಅಲಿಯ ಗೋದಾಮಿನಲ್ಲಿ ನೆಲದ ಟೈಲ್ಸ್ ಪೆಟ್ಟಿಗೆಗಳ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದೆ. ಅವು ಬೂದು, ತಿಳಿಬೂದು, ಕಡುಬೂದು ಎಂಬ ಮೂರು ಬಣ್ಣಗಳಲ್ಲಿ ಬರುತ್ತಿದ್ದವು. ಶುಕ್ರವಾರ ಸಂಜೆ ಮಾತ್ರ ನಾವಿದ್ದ ಅಲ್ ಕುಸೈಸ್‌ನಿಂದ ಮೆಟ್ರೋ ಹತ್ತಿ ದೇರಾದ ಚಿನ್ನದ ಸೂಕ್‌ಗೆ, ಅಂದರೆ ಪೇಟೆಗೆ, ಹೋಗಿ ಅಂಗಡಿ ಗಾಜುಗಳ ಮುಂದೆ ನಿಲ್ಲುತ್ತಿದ್ದೆ. ಕೊಳ್ಳಲಿಕ್ಕಲ್ಲ; ಆ ಅಪವಾದ ನನ್ನ ಮೇಲೆ ಯಾರೂ ಹೊರಿಸಲಾರರು. ಬಿಸಿಲು ಇಳಿದು ಅಂಗಡಿಗಳ ದೀಪ ಏರುವ ಹೊತ್ತಿಗೆ ಆ ಓಣಿಯ ಗಾಳಿಯೇ ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ಪಚ್ಚೆಯ ಹಾರದ ಮುಂದೆ ನಿಂತರೆ ಗಾಜಿನಲ್ಲಿ ನನ್ನ ಮುಖವೂ ತುಸು ಹಸಿರಾಗಿ, ಯಾವುದೋ ಕೆರೆಯ ತಳದಿಂದ ಮೇಲೆ ನೋಡುತ್ತಿರುವಂತೆ ಕಾಣುತ್ತಿತ್ತು. ನೀಲದ ಉಂಗುರ, ಮುತ್ತಿನ ಬೈತಲೆಮಣಿ, ಅರಬ್ ಮದುಮಗಳು ಎದೆ ತುಂಬ ಧರಿಸುವ ಚಿನ್ನದ ಜಾಲರಿ: ಒಂದೊಂದಕ್ಕೂ ಸಲ್ಲಬೇಕಾದ ಸಮಯ ಸಲ್ಲಿಸಿ ಮುಂದೆ ಸಾಗುತ್ತಿದ್ದೆ. ಅಂಗಡಿಯವರು ಮೊದಮೊದಲು ಕರೆದರು. ಆಮೇಲೆ ಬರೀ ತಲೆಯಾಡಿಸಿ ನಮಸ್ಕರಿಸಿದರು. ಹೀಗೆ ಹತ್ತಾರು ವರ್ಷ ಗಾಜಿನ ಈಚೆ ನಿಂತು ನಾನು ರತ್ನಶಾಸ್ತ್ರದಲ್ಲಿ ಪಾರಂಗತನಾದೆ. ಅಥವಾ ಹಾಗಂತ ನನಗೊಬ್ಬನಿಗೆ ಗೊತ್ತಿತ್ತು.

ಆ ವರ್ಷ ಅಕ್ಟೋಬರಿನಲ್ಲಿ ಮಗಳು ಮೊದಲ ಬಾರಿಗೆ ವೇದಿಕೆಯ ಮೇಲೆ ಒಬ್ಬಳೇ ಭರತನಾಟ್ಯ ಮಾಡುವುದಿತ್ತು. ಅಂದು ಅವಳ ಜಡೆಗೆ ಅಜ್ಜಿಯ ಬಿಲ್ಲೆಯನ್ನೇ ಮುಡಿಸಬೇಕೆಂದು ಹೆಂಡತಿ, ಮಗಳು ಗೆಜ್ಜೆ ಕಟ್ಟಿದ ದಿನದಿಂದಲೇ ಕಾದಿದ್ದಳು. ಡಬ್ಬಿ ಹೊರಬಂತು. ಹನ್ನೆರಡರ ಮಗಳು ಮೂಗು ಮುರಿದಳು.

"ಪಪ್ಪ, ಇಟ್ ಲುಕ್ಸ್ ಸೋ ಓಲ್ಡ್."

ಆ ಮಾತು ನನ್ನೊಳಗಿನ ಪಂಡಿತನನ್ನು ಎಬ್ಬಿಸಿತು. ಹಿಂದಿನ ವಾರವಷ್ಟೇ ಸೂಕ್‌ನ ಅಂಗಡಿಯೊಂದರಲ್ಲಿ ವಜ್ರದ ಉಂಗುರವನ್ನು ಗುಂಯ್‌ಗುಡುವ ನೀರಿನ ಯಂತ್ರದಲ್ಲಿ ಅದ್ದಿ ತೆಗೆದದ್ದನ್ನು ಕಂಡಿದ್ದೆ. ಅದು ಆಗಷ್ಟೇ ಹುಟ್ಟಿದಂತೆ ಹೊಳೆದಿತ್ತು. ಹೆಂಡತಿ ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಆ ಶುಕ್ರವಾರ ಅವಳಿಗೆ ಡ್ಯೂಟಿ. ಸ್ಟೀಲ್ ಬೋಗುಣಿಯಲ್ಲಿ ನೀರು ಹಿಡಿದೆ. ಸೆಪ್ಟೆಂಬರಿನಲ್ಲೂ ನಮ್ಮ ತಣ್ಣೀರಿನ ನಲ್ಲಿಯಲ್ಲಿ ಬರುವುದು ಬಿಸಿನೀರೇ ಆದ್ದರಿಂದ ಕಾಯಿಸುವ ಶ್ರಮ ತಪ್ಪಿತು. ಪಾತ್ರೆ ತೊಳೆಯುವ ಸಾಬೂನು ನಾಲ್ಕು ಹನಿ. ಬಿಲ್ಲೆಯನ್ನು ಮೆಲ್ಲನೆ ಇಳಿಬಿಟ್ಟೆ. ನೊರೆಯ ಕೆಳಗೆ ಆ ಕೆಂಪು ತುಸು ತೇಲಿದಂತೆ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಕಂಡಿತು. ಬಹಳ ಚೆನ್ನಾಗಿತ್ತು. ಮುಕ್ಕಾಲು ಗಂಟೆ ನೋಡುತ್ತ ಕುಳಿತೆ.

ಹೊರತೆಗೆದು ಒರೆಸಿದಾಗ ಚಿನ್ನವೇನೋ ಹೊಳೆಯಿತು. ಹರಳುಗಳು ಮಾತ್ರ ಹುಣಸೆಬೀಜವಾಗಿದ್ದವು.

ಸಂಜೆ ಅವಳು ಬಂದಳು. ನಾನು ಅಡಗಿಸಿಡಲಿಲ್ಲ, ಧೈರ್ಯದಿಂದಲ್ಲ, ಎಲ್ಲಿ ಅಡಗಿಸುವುದೆಂದು ಹೊಳೆಯದೆ.

"ಎಂತ ಇದು?"

"ತೊಳೆದೆ."

"ಎಂತದ್ರಲ್ಲಿ?"

"ನೀರಲ್ಲಿ."

ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ದಿನಾ ಕೆಂಪು ನೋಡುದೇ ನನ್ನ ಕೆಲಸ. ಇದು ಜೀವ ಹೋದ ಕೆಂಪು," ಎಂದಳು. ಸಿಟ್ಟು ಬಂದರೆ ಅವಳು ನನ್ನ ಚಹಾಕ್ಕೆ ಸಕ್ಕರೆ ಮರೆಯುವವಳು. ಅಂದು ಸಕ್ಕರೆ ಸರಿಯಾಗಿತ್ತು. ಅದೇ ನನ್ನನ್ನು ಹೆದರಿಸಿತು.

ಮರುವಾರ ಇಬ್ಬರೂ ಹೋದೆವು. ಸೂಕ್‌ನ ಹಿಂದಿನ ಓಣಿಯಲ್ಲಿ, ಏಣಿಯಂಥ ಮೆಟ್ಟಿಲು ಹತ್ತಿದರೆ ಸಿಗುವ ಕೋಣೆಯಲ್ಲಿ, ಜೈಪುರದ ಕಡೆಯ ಮುದುಕ ಅಕ್ಕಸಾಲಿಗರೊಬ್ಬರು ಕುಂದಣದ ಕೆಲಸ ಮಾಡುತ್ತಿದ್ದರು. ಗಾಜಿಲ್ಲ, ದೀಪಗಳ ಸಾಲಿಲ್ಲ; ನನ್ನ ಪಾಂಡಿತ್ಯ ಅಷ್ಟು ಮೇಲಕ್ಕೆ ಎಂದೂ ಹತ್ತಿರಲಿಲ್ಲ. ಅವರ ಹಿಂದಿಯನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ.

"ಎಷ್ಟು ಹೊತ್ತು ನೀರಲ್ಲಿತ್ತು?"

"ಮುಕ್ಕಾಲು ಗಂಟೆ."

"ಸಾಬೂನು?"

"ಪಾತ್ರೆಯದು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಭಾಯಿ ಸಾಬ್, ಊಟಕ್ಕೇನಾದರೂ ಬಡಿಸಿದ್ದಿರಾ ಇದರಲ್ಲಿ?"

ಹೆಂಡತಿ ಒಂದು ವಾರದಲ್ಲಿ ಮೊದಲ ಸಲ ನಕ್ಕಳು. ನಾನು ಆ ಅವಮಾನವನ್ನು ಪ್ರಸಾದದಂತೆ ಸ್ವೀಕರಿಸಿದೆ.

ಅಂಚಿನ ಚಿನ್ನವನ್ನು ಉಗುರಿನಂಥ ಉಳಿಯಿಂದ ಸರಿಸಿ ಅವರು ಒಂದು ಹರಳನ್ನು ಎಬ್ಬಿಸಿ ಅವಳ ಅಂಗೈಯಲ್ಲಿಟ್ಟರು. ಅದು ಕೆಂಪೇ ಅಲ್ಲ. ಪನ್ನೀರಿನ ಹನಿಯಷ್ಟು ತಿಳಿ ಗುಲಾಬಿ. ಕೆಂಪು ಇದ್ದದ್ದು ಅದರ ಕೆಳಗೆ, ಈರುಳ್ಳಿ ಸಿಪ್ಪೆಗಿಂತ ತೆಳುವಾದ ಬೆಳ್ಳಿಯ ತಗಡಿನಲ್ಲಿ. ಬಣ್ಣ ಹಚ್ಚಿದ ತಗಡು. ನೀರು ನುಸುಳಿ ಕಪ್ಪಾಗಿತ್ತು.

"ಹರಳು ಕಿಟಕಿ ಮಾತ್ರ, ಬೇಟಿ," ಎಂದರು ಮುದುಕರು. "ದೀಪ ಇಟ್ಟವನು ಕೆಲಸಗಾರ."

"ಅಜ್ಜಿಗೆ ಗೊತ್ತಿತ್ತು," ಎಂದಳು ಇವಳು, ಯಾರಿಗೂ ಅಲ್ಲ.

ಅವರು ಒಂದು ಕಾಗದದ ಪೊಟ್ಟಣ ಬಿಚ್ಚಿದರು. ಒಳಗೆ ಕೆಂಪು ತಗಡುಗಳು, ಒಂದರಂತೆ ಇನ್ನೊಂದಿಲ್ಲ. ದಾಳಿಂಬೆಯ ಕೆಂಪು, ಪುನರ್ಪುಳಿ ಪಾನಕದ ಕೆಂಪು, ವೀಳ್ಯ ಜಗಿದ ತುಟಿಯ ಕೆಂಪು, ದಾಸವಾಳ ಬಾಡುವ ಹಿಂದಿನ ಗಳಿಗೆಯ ಕೆಂಪು. ಒಂದೊಂದನ್ನೇ ಆ ತಿಳಿ ಹರಳಿನ ಕೆಳಗೆ ಜಾರಿಸುತ್ತ ಹೋದರು. ಅದೇ ಹರಳು ಮತ್ತೆ ಮತ್ತೆ ಬೇರೆಯಾಗಿ ಹುಟ್ಟುತ್ತಿತ್ತು. ಹೊರಗೆ ಯಾರೋ ಕೈಗಾಡಿಯವ ಯಲ್ಲಾ ಯಲ್ಲಾ ಎಂದು ದಾರಿ ಬಿಡಿಸಿಕೊಳ್ಳುತ್ತಿದ್ದದ್ದು ಬೇರೆ ಯಾವುದೋ ಊರಿನ ಸದ್ದಿನಂತೆ ಕೇಳುತ್ತಿತ್ತು. "ಅಲ್ಲ," ಎನ್ನುತ್ತಿದ್ದಳು ಅವಳು. "ಅಲ್ಲ. ಇದೂ ಅಲ್ಲ." ಹತ್ತನೆಯದೋ ಹನ್ನೊಂದನೆಯದೋ ಬಂದಾಗ ಮುದುಕರ ಮಣಿಕಟ್ಟು ಹಿಡಿದುಕೊಂಡಳು. ಅವರು ಕೈ ಅಲ್ಲಾಡಿಸದೆ ಕುಳಿತರು.

"ಸುಮಾರಿಗೆ ಹತ್ತಿರ," ಎಂದಳು ಕೊನೆಗೆ. "ಅದೇ ಅಲ್ಲ. ಹತ್ತಿರ."

"ಅದೇ ಸಿಗುವುದಿಲ್ಲ, ಬೇಟಿ. ಆ ಬಣ್ಣ ಕಾಯಿಸಿದ ಕೈ ಈಗಿಲ್ಲ." ಬಿಲ್ಲೆಯನ್ನು ತಿರುಗಿಸಿ ನೋಡಿದರು. "ಸುತ್ತಿನ ಎಂಟಕ್ಕೂ ನೀರು ಹೋಗಿದೆ. ನಡುವಿನದರ ಕಟ್ಟು ಗಟ್ಟಿ, ಅದಕ್ಕೆ ಹೋಗಿಲ್ಲ. ಮೇಲೆ ಸಾಬೂನಿನ ಪೊರೆ ಕೂತಿದೆ, ಅಷ್ಟೇ." ಒಣಬಟ್ಟೆಯಿಂದ ತಿಕ್ಕಿದರು. ನಡುವಿನ ಹರಳಿನೊಳಗೆ ದೀಪ ಇನ್ನೂ ಇತ್ತು. ಬಾಗಿಲು ಮುಂದೆ ಮಾಡಿಕೊಂಡೇ. "ಒಂಬತ್ತೂ ಒಂದೇ ಬಣ್ಣಕ್ಕೆ ಬರಬೇಕಾದರೆ ಇದನ್ನೂ ಬಿಚ್ಚಬೇಕು. ಇಲ್ಲವಾದರೆ ಗೊತ್ತಿರುವವರಿಗೆ ವ್ಯತ್ಯಾಸ ಕಾಣುತ್ತದೆ."

ಒಂದೇ ತೆರನಾಗಿರುವುದರ ಶೋಭೆಯ ಬಗ್ಗೆ, ಟೈಲ್ಸ್ ಗೋದಾಮಿನ ಅನುಭವದ ಬಲದಿಂದ, ನಾನು ಬಾಯಿ ತೆರೆದೆ. ಅವಳು ನನ್ನ ಕಡೆ ನೋಡಿದಳು. ಮುಚ್ಚಿದೆ.

"ನಡುವಿನದು ಮುಟ್ಟಬೇಡಿ," ಎಂದಳು. "ಗೊತ್ತಿರುವವರು ಯಾರಿದ್ದಾರೆ ಇಲ್ಲಿ, ನಾನೊಬ್ಬಳೇ."

ನೃತ್ಯದ ದಿನ ಬಂತು. ಕಡಲ ನೀರನ್ನು ಸಿಹಿ ಮಾಡಿ ಕೊಡುವ ಈ ದೇಶದಲ್ಲಿ ನಮ್ಮವರ ಕೂದಲು ಉಳಿಯುವುದು ಕಡಿಮೆ ಎಂಬುದು ಅಲ್ ಕುಸೈಸ್‌ನ ಎಲ್ಲ ತಾಯಂದಿರ ಒಮ್ಮತದ ತೀರ್ಮಾನ. ಆದ್ದರಿಂದ ಮಗಳ ಜಡೆಯ ಮುಕ್ಕಾಲು ಪಾಲು ಚೌರಿ. ಅದರ ಮೇಲೆ ದೇವಸ್ಥಾನದ ಓಣಿಯಿಂದ ತಂದ ಮಲ್ಲಿಗೆ, ಮಲ್ಲಿಗೆಯ ತಲೆಗೆ ಬಿಲ್ಲೆ. ಬೆವರು ತಾಗದಂತೆ ಅಡಿಗೆ ನಾಲ್ಕು ಮಡಿಕೆ ಮಲ್ಲು ಬಟ್ಟೆ.

"ಮಮ್ಮಿ, ಹರ್ಟ್ಸ್!"

"ನೋಯ್ಲಿ. ನಂಗೂ ನೋಯ್ತಿತ್ತು," ಎನ್ನುತ್ತ ಅವಳು ಪಿನ್ನು ಸಿಕ್ಕಿಸಿದಳು. ಆಮೇಲೆ ಎಂತದೋ ಗೊಣಗಿದಳು, ನನಗೆ ಕೇಳಿಸಲಿಲ್ಲ.

ಮಗಳು ಬೆನ್ನು ತಿರುಗಿಸಿ ನಿಂತಾಗಲೆಲ್ಲ ಎಂಟು ಹರಳುಗಳು ವೇದಿಕೆಯ ಬೆಳಕಿಗೆ ಒಟ್ಟಿಗೆ ಉರಿದವು. ನಡುವಿನದು ಉರಿಯಲಿಲ್ಲ, ಸುಮ್ಮನೆ ಇತ್ತು. ಹಾಡು ಯಾವುದೆಂದು ನನಗೆ ಈಗ ನೆನಪಿಲ್ಲ. ಪಕ್ಕದಲ್ಲಿದ್ದ ಹೆಂಡತಿ, ಮಗಳ ಮುಖ ನಮ್ಮ ಕಡೆಗಿದ್ದಾಗ ಅವಳ ಕಾಲುಗಳನ್ನು ನೋಡಿದಳು, ಬೆನ್ನು ಕಂಡಾಗ ಉಸಿರು ಹಿಡಿದಳು.

ಮುಗಿದ ಮೇಲೆ ಬಣ್ಣದ ಕೋಣೆಯ ಬಾಗಿಲಲ್ಲಿ ಬಿಲ್ಲೆ ಬಿಚ್ಚಿ, ಒರೆಸಿ, ಡಬ್ಬಿಗೆ ಹಾಕಿದಳು. ಹೊರಡಲು ಒಂದು ಕೈಗೆ ಮಗಳ ಗೆಜ್ಜೆ, ಇನ್ನೊಂದಕ್ಕೆ ಸೀರೆಯ ಗಂಟು. ಡಬ್ಬಿಗೆ ಕೈ ಉಳಿದಿರಲಿಲ್ಲ. ಒಂದು ಕ್ಷಣ ಯೋಚಿಸಿದಳು. ನಾನು ಮೆಟ್ರೋ ದಾರಿಗೆಂದು ತಂದ ನೀರಿನ ಬಾಟ್ಲಿ ಹಿಡಿದು ನಿಂತಿದ್ದೆ.

"ಬಾಟ್ಲಿ ಅವಳ ಕೈಗೆ ಕೊಡಿ," ಎಂದಳು. ಕೊಟ್ಟೆ.

"ಕೈ ಒರೆಸಿ." ಅಂಗಿಗೆ ಒರೆಸಿದೆ, ಎರಡೂ ಬದಿ.

"ಹ್ಞಾಂ, ಈಗ ಹಿಡ್ಕೊಳ್ಳಿ," ಎಂದು ಡಬ್ಬಿಯನ್ನು ನನ್ನ ಅಂಗೈಯಲ್ಲಿಟ್ಟಳು.