ಕೆನ್ನೆಗೆ ತುಂಬಿದ ಕೊಬ್ಬು

ನನ್ನ ಎಡಗೆನ್ನೆಯಲ್ಲಿ ಲಿಂಬೆಹಣ್ಣು ಕೂರುವಷ್ಟು ತಗ್ಗಿತ್ತು. ಹೈದರಾಬಾದಿನ ಮೇಲೆ ಪೊಲೀಸ್ ಆ್ಯಕ್ಷನ್ ಆದ ವರ್ಷ ಹಲ್ಲಿನ ಬುಡದಲ್ಲೊಂದು ಕುರು ಎದ್ದು ಒಳಗೊಳಗೇ ಮಾಂಸ ತಿಂದುಹಾಕಿತ್ತು. ನಮ್ಮೂರು ಲಿಂಗಸುಗೂರು ಬಿಟ್ಟು ಹೊರಗೆ ಹೋಗಲು ಜನ ಹೆದರುತ್ತಿದ್ದ ದಿನಗಳವು. ಡಾಕ್ಟರು ಸಿಗಲಿಲ್ಲ, ಕುರು ತಾನೇ ಒಡೆದು ತಗ್ಗು ಉಳಿಯಿತು.

ಮಸ್ಕಿಯ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ನಾನು ತೊಟ್ಟಿಲಲ್ಲಿದ್ದಾಗಲೇ ತನ್ನ ಮಗನಿಗೆ ನನ್ನನ್ನು ಕೇಳಿಟ್ಟಿದ್ದಳು. ಆ ಹುಡುಗ ದೊಡ್ಡವನಾದ ಮೇಲೆ ನಮ್ಮ ಮನೆಗೆ ಬಂದರೆ ನನ್ನ ಬಲಗಡೆ ನೋಡಿಯೇ ಕೂರುತ್ತಿದ್ದ. ನನಗೆ ಅವನು ಬೇಕಿತ್ತು. ಇದನ್ನು ಹೇಳಲು ಈಗೇನು ನಾಚಿಕೆ?

ಮದುವೆಗೆ ಮುಂಚೆ ಕೆನ್ನೆ ಸರಿಯಾಗಲೆಂದು ಅಪ್ಪ ನನ್ನನ್ನು ಹೈದರಾಬಾದಿಗೆ ಕರೆದೊಯ್ದ. ಅಲ್ಲಿಯ ಡಾಕ್ಟರು ನನ್ನ ಹೊಟ್ಟೆಯಿಂದ ಒಂದು ತುಂಡು ಕೊಬ್ಬು ತೆಗೆದು ಕೆನ್ನೆಯೊಳಗಿಟ್ಟು ಹೊಲಿದರು. ಅವರು ಉರ್ದುವಿನಲ್ಲಿ ಹೇಳಿದ್ದನ್ನು ಅಪ್ಪ ನನಗೆ ಬಿಡಿಸಿ ಹೇಳಿದ.

“ಕಿತ್ತು ಹಚ್ಚಿದ ಮೆಣಸಿನ ಸಸಿ ಇದ್ದಂಗ ಯವ್ವಾ ಅದು. ಒಳಗಿನ ರಕ್ತ ಬಂದು ಕೂಡೋತನಕ ಅಲುಗಾಡಬಾರದು. ಹೆಂಗಿದ್ರೂ ಒಂದಷ್ಟು ಕರಗತೈತಂತ, ಅದಕ್ಕ ಜಾಸ್ತಿ ತುಂಬ್ಯಾರ. ಒತ್ತಬ್ಯಾಡ, ರೊಟ್ಟಿ ಅಗೀಬ್ಯಾಡ, ಮಾತಾಡಬ್ಯಾಡ. ಬಾಯಿ ಆಡಿಸಿದ್ರ ಗಲ್ಲ ಕೆಡತೈತಿ.”

ನಾನೋ ಮಾತಿನಮಲ್ಲಿ. ಆದರೂ ಊರಿಗೆ ಬಂದು ಗಂಜಿ ಕುಡಿಯುತ್ತ ತುಟಿ ಬಿಚ್ಚದೆ ಕೂತೆ. “ಮನಿ ಈಗ ತಣ್ಣಗಾತು” ಎಂದು ಅವ್ವ ಚೇಷ್ಟೆ ಮಾಡಿದಳು. ಎಡಗೆನ್ನೆ ಬಲಗೆನ್ನೆಗಿಂತ ಉಬ್ಬಿತ್ತು. ಕನ್ನಡಿ ನೋಡಿಕೊಂಡು ಒಳಗೊಳಗೇ ಹಿಗ್ಗುತ್ತಿದ್ದೆ.

ಒಂದು ಮುಂಜಾನೆ ಅತ್ತೆ ಮಸ್ಕಿಯಿಂದ ಬಂದಳು. ಅಪ್ಪ ಅಂಗಡಿಗೆ, ಅವ್ವ ಬಟ್ಟೆ ಒಗೆಯಲು ಬಾವಿಗೆ ಹೋಗಿದ್ದರು. ಅತ್ತೆ ನನ್ನ ಮುಖ ನೋಡಿದ್ದೇ ಬಾಯಿಗೆ ಸೆರಗು ಒತ್ತಿಕೊಂಡಳು.

“ಇಷ್ಟು ಬಾವು ಬಂದೈತಲ್ಲ ಬೇ. ಕೊಯ್ದು ಹಾಳ ಮಾಡ್ಯಾರ.”

ನಮ್ಮಲ್ಲಿ ಬಾಣಂತಿಯ ಸೊಂಟವಿರಲಿ, ಎತ್ತಿನ ಹೆಗಲಿರಲಿ, ಬಾವು ಕಂಡರೆ ಉಪ್ಪಿನ ಗಂಟೇ ಮದ್ದು. ಅತ್ತೆ ಒಲೆಯ ಮೇಲೆ ಹಂಚು ಇಟ್ಟು ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ತಂದಳು. ನಾನು ಅವಳ ಎರಡೂ ಕೈ ಹಿಡಿದುಕೊಂಡೆ.

“ಸುಮ್ನಿರು, ಉರೀತೈತಂತ ಬಿಟ್ರ ಕೀವಾಗತೈತಿ. ನಿನ್ನ ಗಲ್ಲ ನನಗೂ ಬೇಕಾಗೈತಿ” ಎಂದು ಕೈ ಬಿಡಿಸಿಕೊಂಡಳು.

ಬಿಸಿಗೆ ತುಪ್ಪ ಕರಗುವುದು ಯಾವ ಹೆಣ್ಣುಮಗಳಿಗೆ ಗೊತ್ತಿಲ್ಲ? ಕೂಗಿದರೆ ಕೊಬ್ಬು ಅಲುಗುತ್ತದೆ, ತಲೆ ಕೊಡವಿದರೂ ಅಲುಗುತ್ತದೆ. ಪಾಟಿಯ ಮೇಲೆ ಬರೆಯೋಣವೆಂದರೆ ಅತ್ತೆಗೆ ಓದಲು ಬಾರದು. ಸ್ವಲ್ಪ ಬಿಸಿ ತಡೆದೀತು, ಬಾಯಿ ತೆರೆದರೆ ಮಾತ್ರ ಎಲ್ಲ ಹೋಯಿತು ಎಂದುಕೊಂಡು ಹಲ್ಲು ಕಚ್ಚಿದೆ. ಹೊಲಿಗೆ ಹಾಕಿದ ಜಾಗ ಜೋಮು ಹಿಡಿದಿದ್ದರಿಂದ ಎಷ್ಟು ಸುಡುತ್ತಿದೆಯೆಂಬುದೂ ತಿಳಿಯಲಿಲ್ಲ. ಕಣ್ಣೀರು ಇಳಿಯುತ್ತಿತ್ತು. ಅತ್ತೆ ಅದನ್ನು ಸೆರಗಿನಿಂದ ಒರೆಸಿ, ಗಂಟನ್ನು ಮತ್ತೆ ಕಾಯಿಸಿ ತಂದು ಒತ್ತಿದಳು.

ಅತ್ತೆ ಮಧ್ಯಾಹ್ನದ ಬಸ್ಸಿಗೆ ಹೋದಳು. ಸಂಜೆಗೆ ಕೆನ್ನೆಯ ಮೇಲೆ ಬೊಬ್ಬೆಗಳು ಎದ್ದವು. ಆಮೇಲೆ ಹೊಲಿಗೆಯ ಸಂದಿಯಿಂದ ಹಳದಿ ಎಣ್ಣೆ ಒಸರತೊಡಗಿತು. ಒರೆಸಿದಷ್ಟೂ ಬರುತ್ತಿತ್ತು. ಕೆನ್ನೆ ಮೊದಲಿಗಿಂತ ಆಳಕ್ಕೆ ಕುಸಿಯಿತು. ಹೈದರಾಬಾದಿನ ಡಾಕ್ಟರು ಮತ್ತೆ ನೋಡಿ, ಈ ಸುಟ್ಟ ಚರ್ಮದ ಕೆಳಗೆ ಇನ್ನು ಯಾವ ಕೊಬ್ಬೂ ಬದುಕುವುದಿಲ್ಲ ಎಂದುಬಿಟ್ಟರು. ಸತ್ತರೆ ಸಾಕು ಅನ್ನಿಸಿತು. ತನ್ನ ಶಾಖದಿಂದಲೇ ಹೀಗಾಯಿತೆಂದು ಗೊತ್ತಾದರೆ ಅಕ್ಕ ಎದೆ ಒಡೆದುಕೊಳ್ಳುತ್ತಾಳೆ, ಅವಳಿಗೆ ಹೇಳಬೇಡಿ ಎಂದು ಅಪ್ಪ ನನ್ನ, ಅವ್ವನ ಬಾಯಿ ಕಟ್ಟಿದ.

ಮುಂದಿನ ಸುಗ್ಗಿಯ ಹೊತ್ತಿಗೆ ಅತ್ತೆ ತಾನಾಗಿಯೇ ಬಂದು ಪಡಸಾಲೆಯಲ್ಲಿ ಕೂತಳು.

“ಹುಡುಗ ಒಲ್ಲೆ ಅಂತಾನ. ಸಿಂಧನೂರಾಗ ಹೆಣ್ಣು ನೋಡೀವಿ. ಏನ್ ಮಾಡ್ಲಿ, ಆ ಡಾಕ್ಟರನ ಕೈಗುಣ ಚಲೋ ಇಲ್ಲ.”

ಅಪ್ಪ ನನ್ನತ್ತ ನೋಡಿ ಬೇಡವೆಂದು ಸನ್ನೆ ಮಾಡಿದ. ನನಗೆ ತಡೆಯಲಾಗಲಿಲ್ಲ.

“ಡಾಕ್ಟರಂದೇನೂ ತಪ್ಪಿಲ್ಲ ಅತ್ತಿ. ನಿನ್ನ ಉಪ್ಪಿನ ಗಂಟಿಗೆ ಕರಗಿತು.”

ಅತ್ತೆ ಎದ್ದು ಬಂದು ನನ್ನ ಕೆನ್ನೆಯ ತಗ್ಗಿಗೆ ಬೆರಳು ಮುಟ್ಟಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಬ್ಯಾಡ ಅಂತ ಒಂದು ಮಾತು ಅನಬಾರದಿತ್ತೇನ ಬೇ?”