ಪಾಠ ಕೇಳಲು ಬಂದ ಮೇಡಂ

ನಮ್ಮ ಕೆಮಿಸ್ಟ್ರಿ ಮೇಡಂ ನಕ್ಕಾಗ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆಗಳು ಕಾಣುತ್ತಿದ್ದವು. ಬೋರ್‌ವೆಲ್ ನೀರು ಕುಡಿದು ಬೆಳೆದ ನಮ್ಮ ಸೀಮೆಯ ಬಹಳ ಜನರಿಗೆ ಇರುವಂಥ ಗೆರೆಗಳು. ನನಗೂ ಇವೆ. ನಾನು ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದೆ, ಅವರು ಹಿಡಿಯುತ್ತಿರಲಿಲ್ಲ. "ಫ್ಲೋರೈಡ್ ಕಣೇ ಅದು, ನಿನ್ನ ತಪ್ಪೇನಿದೆ? ಬೇಕಾದ್ರೆ ಅದನ್ನೇ ಓದು" ಎಂದಿದ್ದರು, ಕೋಲಾರದ ಕಾಲೇಜಿನ ವರಾಂಡದಲ್ಲಿ.

ಶ್ರೀನಿವಾಸಪುರದ ಕಡೆಯವರು. ಪಾಠ ಕನ್ನಡದಲ್ಲಿ, ಸಿಟ್ಟು ತೆಲುಗಿನಲ್ಲಿ. ಯಾರಾದರೂ ಸುಮ್ಮನೆ ತಲೆಯಾಡಿಸಿ "ಅರ್ಥ ಆಯ್ತು ಮೇಡಂ" ಅಂದರೆ, "ಏದೀ, ಚೆಪ್ಪು!" (ಎಲ್ಲಿ, ಹೇಳು!) ಎಂದು ಸೀಮೆಸುಣ್ಣ ಕೈಗಿಟ್ಟು ಬೋರ್ಡಿನ ಮುಂದೆ ನಿಲ್ಲಿಸುತ್ತಿದ್ದರು.

ನನ್ನ ಎಂಎಸ್ಸಿ ಮುಗಿಯುವ ಹೊತ್ತಿಗೆ ಅಪ್ಪ ಗಂಡು ನೋಡತೊಡಗಿದ್ದರು. ಒಂದು ಭಾನುವಾರ ಮೇಡಂ ಬಸ್ಸು ಹಿಡಿದು ವಕ್ಕಲೇರಿ ಹತ್ತಿರದ ನಮ್ಮ ಕೇರಿಗೇ ಬಂದರು. ಅಪ್ಪ ರೇಷ್ಮೆ ಹುಳುಗಳಿಗೆ ಸೊಪ್ಪು ಹೆಚ್ಚುತ್ತಿದ್ದರು. ಮೇಡಂ ಪಕ್ಕದಲ್ಲೇ ನೆಲದ ಮೇಲೆ ಕೂತರು.

"ನಮ್ಮಂಥೋರ ಮಕ್ಕಳು ವಿಜ್ಞಾನದಲ್ಲಿ ಪಿಎಚ್‌ಡಿ ಮಾಡ್ಲಿ ಅಂತಾನೇ ಫೆಲೋಶಿಪ್ ಇದೆ ಅಣ್ಣ. ನೀವು ಕೈಯಿಂದ ಏನೂ ಹಾಕೋದು ಬೇಡ."

"ಜನ ಏನಂತಾರೋ ಅಮ್ಮ."

"ಓದಿರೋ ಹುಡುಗಿಗೆ ಗಂಡು ಸಿಗೋದು ಕಷ್ಟ ಅಂತ ಈಗ್ಲೇ ಅಂತಿದ್ದಾರಲ್ಲ? ಇನ್ನಷ್ಟು ಓದಿದ್ರೆ ಹೊಸದಾಗಿ ಇನ್ನೇನಂತಾರೆ?"

ಅಪ್ಪನಿಗೆ ನಗು ತಡೆಯಲಾಗಲಿಲ್ಲ.

ಫೆಲೋಶಿಪ್ ಸಿಕ್ಕಿತು. ನಮ್ಮ ಕಡೆಯ ನೀರಿನಿಂದ ಫ್ಲೋರೈಡ್ ತೆಗೆಯುವುದೇ ನನ್ನ ಸಂಶೋಧನೆಯ ವಿಷಯವಾಯಿತು. ಆದರೆ ಬೆಂಗಳೂರಿನ ಆ ಲ್ಯಾಬಿನಲ್ಲಿ ಜೊತೆಯ ವಿದ್ಯಾರ್ಥಿಯೊಬ್ಬ ನನ್ನ ಎದುರಿಗೇ, "ಇವರಿಗೇನು, ಜಾತಿ ಹೇಳಿದ್ರೆ ಫೆಲೋಶಿಪ್ ಸಿಗುತ್ತೆ" ಅಂದ. ಯಾರೂ ಅವನನ್ನು ತಡೆಯಲಿಲ್ಲ. ಊಟಕ್ಕೆ ಒಬ್ಬಳೇ ಕೂರತೊಡಗಿದೆ. ಕೊನೆಗೆ ಮೇಡಂಗೆ ಫೋನ್ ಮಾಡಿ, "ವಾಪಸ್ ಬಂದ್ಬಿಡ್ತೀನಿ" ಎಂದು ಅತ್ತೆ.

"ಇರು, ನಾಳೆ ನಾನೇ ಬರ್ತೀನಿ" ಅಂದರು.

ಬಂದವರು ಸಮಾಧಾನದ ಮಾತೇ ಆಡಲಿಲ್ಲ. ಲ್ಯಾಬಿನಲ್ಲಿ ಸ್ಟೂಲು ಎಳೆದುಕೊಂಡು ಕೂತು, "ನೀನು ಮಾಡ್ತಿರೋದನ್ನ ನಂಗೆ ಪಾಠ ಮಾಡು" ಎಂದರು. ತಡವರಿಸುತ್ತಲೇ ಶುರು ಮಾಡಿದೆ. "ತಾಳು, ಇದು ತಿಳೀಲಿಲ್ಲ, ಇನ್ನೊಂದ್ಸಲ ಹೇಳು." ಅದು ನಾಟಕವಾಗಿರಲಿಲ್ಲ. ಅವರು ಓದಿದ ಕಾಲಕ್ಕೆ ಅದೆಲ್ಲ ಇರಲೇ ಇಲ್ಲ. ಹೇಳುತ್ತಾ ಹೇಳುತ್ತಾ ನನ್ನ ದನಿ ಏರಿತು. ಲ್ಯಾಬಿನವರು ಒಬ್ಬೊಬ್ಬರಾಗಿ ಹತ್ತಿರ ಬಂದು ನಿಂತರು. ಹಾಗೆ ಅಂದಿದ್ದವನೂ ಒಂದು ಪ್ರಶ್ನೆ ಕೇಳಿದ. ಉತ್ತರ ಹೇಳಿದೆ.

ಸಂಜೆ ಅವರನ್ನು ಕಳಿಸಲು ಬಸ್‌ಸ್ಟಾಪಿಗೆ ಹೋದೆ. ಕೋಲಾರದ ಬಸ್ಸು ಬಂತು. "ಬರೋದಾದ್ರೆ ಹತ್ತು, ಜೊತೇಲೇ ಹೋಗೋಣ" ಅಂದರು ಮೇಡಂ. ನಾನು ಹತ್ತಲಿಲ್ಲ.

ನನ್ನ ಹೆಸರಿನ ಮುಂದೆ ಡಾಕ್ಟರ್ ಎಂದು ಸೇರಿದ್ದನ್ನು ಅವರು ಕಣ್ಣಾರೆ ನೋಡಿದರು. ಹೋದ ವರ್ಷ ತೀರಿಕೊಂಡರು. ಮಣ್ಣು ಮಾಡುವಾಗ ಹೆಂಗಸರನ್ನೆಲ್ಲ ದೂರದಲ್ಲೇ ನಿಲ್ಲಿಸಿದ್ದರು. ನಾನು ಮುಂದೆ ಹೋದಾಗ ಯಾರೋ ತಡೆದರು. ಮೇಡಂ ಅವರ ಅಣ್ಣ ತಿರುಗಿ ನೋಡಿದರು.

"ಬಿಡ್ರಪ್ಪ ಅವಳನ್ನ. ನಮ್ ತಂಗಿ ಹತ್ರ ಕಲಿತ ಹುಡುಗಿ" ಎಂದು ತಾವೇ ಪಕ್ಕಕ್ಕೆ ಸರಿದು ಜಾಗ ಕೊಟ್ಟರು.

ಬಗ್ಗಿ ಒಂದು ಹಿಡಿ ಮಣ್ಣು ಹಾಕಿದೆ.